ಬಿಡುವಿನ ಜಾಗ ಜನಕ್ಕೆ ಹಿಡಿಸಿದೆಯೇ? ಕೊಡಗಿನ ಕಚೇರಿಗಳಲ್ಲಿ ಅಳೆದು ಸರಿಪಡಿಸುವ ಕ್ರಮ

ಜುಲೈ ತಿಂಗಳು, ಬೆಳಗ್ಗೆ ಹನ್ನೊಂದೂಕಾಲು ಗಂಟೆ. ಕಚೇರಿಯ ಊಟದ ಕೋಣೆಯಲ್ಲಿ ಹನ್ನೆರಡು ಕುರ್ಚಿ, ಒಂದು ಸೋಫಾ, ಗೋಡೆಗೊಂದು ಟಿ.ವಿ. ಎಲ್ಲವೂ ಖಾಲಿ. ಜನ ಎಲ್ಲಿ ಎಂದು ಹುಡುಕಿದರೆ ಮೆಟ್ಟಿಲ ತಿರುವಿನಲ್ಲಿ ನಾಲ್ವರು, ಝೆರಾಕ್ಸ್ ಯಂತ್ರದ ಪಕ್ಕ ಇಬ್ಬರು, ಹಿಂಬಾಗಿಲ ಸೂರಿನಡಿ ಗೋಡೆಗೆ ಒತ್ತಿಕೊಂಡು ಮೂವರು. ಕೈಯಲ್ಲಿ ಕಾಫಿ ಲೋಟ, ಒಂದು ಭುಜ ಒದ್ದೆ. ಇವರನ್ನೇ ಕರೆದು "ಊಟದ ಕೋಣೆ ಹೇಗಿದೆ?" ಎಂದು ಕೇಳಿ. "ಪರವಾಗಿಲ್ಲ ಸರ್, ಚೆನ್ನಾಗಿದೆ" ಎನ್ನುತ್ತಾರೆ.

ಕಾಲು ಹೇಳುವುದೊಂದು, ಬಾಯಿ ಹೇಳುವುದೊಂದು. ಎರಡನ್ನೂ ಕಲೆಹಾಕಿ, ಎರಡರ ನಡುವಿನ ವ್ಯತ್ಯಾಸಕ್ಕೆ ಕಾರಣ ಹುಡುಕಿ, ಕಾರಣವನ್ನು ಸರಿಪಡಿಸುವುದು ಹೇಗೆಂದು ಇಲ್ಲಿ ಬರೆದಿದ್ದೇವೆ. ತಾಲ್ಲೂಕು ಕಚೇರಿ, ಸಹಕಾರ ಸಂಘ, ಬ್ಯಾಂಕಿನ ಶಾಖೆ, ಎಸ್ಟೇಟ್ ಆಫೀಸು, ಕಾಫಿ ಕ್ಯೂರಿಂಗ್ ವರ್ಕ್ಸಿನ ಆಡಳಿತ ವಿಭಾಗ, ಎಲ್ಲಕ್ಕೂ ಇದೇ ಕ್ರಮ ಹೊಂದುತ್ತದೆ. ಹದಿನೈದರಿಂದ ಎಂಬತ್ತು ಜನರಿರುವ ಕಟ್ಟಡವನ್ನು ಮನಸ್ಸಿನಲ್ಲಿಟ್ಟುಕೊಂಡು ಲೆಕ್ಕಗಳನ್ನು ಕೊಟ್ಟಿದ್ದೇವೆ.

ಬಿಡುವಿನ ಜಾಗ ಎಂದರೆ ಕೆಲಸದ ಮೇಜೂ ಅಲ್ಲದ, ಮೀಟಿಂಗ್ ಹಾಲೂ ಅಲ್ಲದ, ಯಾರನ್ನೂ ಕೇಳದೆ ಹೋಗಿ ಐದು ನಿಮಿಷ ನಿಲ್ಲಬಹುದಾದ ಎಡೆ. ಜಗಲಿ, ಕಾರಿಡಾರು, ಕಾಫಿ ಮಾಡುವ ಮೂಲೆ, ತಾರಸಿ, ಕಿಟಕಿಯ ಪಕ್ಕ, ನಲ್ಲಿಯ ಹತ್ತಿರ. ನಕ್ಷೆಯಲ್ಲಿ ಇವುಗಳಲ್ಲಿ ಅರ್ಧಕ್ಕೆ ಹೆಸರೇ ಇರುವುದಿಲ್ಲ. ಕೊಡಗಿನಲ್ಲಿ ಕುಟುಂಬದ ಮೂಲಮನೆಯಾದ ಐನ್‌ಮನೆ ಕಟ್ಟಿದವರು ಇಂಥ ಜಾಗಕ್ಕೆ ಹೆಸರನ್ನೂ ಕೊಟ್ಟರು, ಮನೆಯ ಮುಂಭಾಗವನ್ನೇ ಬಿಟ್ಟುಕೊಟ್ಟರು. ಕಯ್ಯಾಲೆಯ, ಅಂದರೆ ಮುಂಜಗಲಿಯ, ಕಂಬಗಳ ನಡುವೆ ಕೂರಲು ಐಮರ ಎಂಬ ದಪ್ಪ ಹಲಗೆ. ಕೂತವರಿಗೆ ಗದ್ದೆ ಕಾಣುತ್ತದೆ, ಬರುವವರು ಕಾಣುತ್ತಾರೆ, ಒಳಗಿನಿಂದ ಕರೆದರೆ ಕೇಳುತ್ತದೆ, ಮೇಲೆ ಇಳಿಜಾರು ಮಾಡು. ಒಳ್ಳೆಯ ಬಿಡುವಿನ ಜಾಗಕ್ಕೆ ಬೇಕಾದ ನಾಲ್ಕು ಗುಣವೂ ಅಲ್ಲಿವೆ. ಇಂದಿನ ಕಾಂಕ್ರೀಟ್ ಕಟ್ಟಡದಲ್ಲಿ ಅವುಗಳಲ್ಲಿ ಯಾವುದು ತಪ್ಪಿಹೋಗಿದೆ ಎಂದು ಪತ್ತೆಹಚ್ಚುವುದೇ ನಮ್ಮ ಕೆಲಸ.

ಮಳೆಯಲ್ಲಿ ಅಳೆಯಿರಿ

ಈ ಜಿಲ್ಲೆಯಲ್ಲಿ ಫೆಬ್ರವರಿಯಲ್ಲಿ ಮಾತ್ರ ಅಳೆದ ಲೆಕ್ಕ ಅರ್ಧ ಲೆಕ್ಕ. ಮಡಿಕೇರಿಯಲ್ಲಿ ವರ್ಷಕ್ಕೆ ಸರಾಸರಿ 3,000 ಮಿಲಿಮೀಟರಿಗೂ ಮೇಲೆ ಮಳೆ ಸುರಿಯುತ್ತದೆ, ಅದರ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೆ. ಬಿಸಿಲುಗಾಲದಲ್ಲಿ ಜನ ಅಂಗಳಕ್ಕೆ ಇಳಿಯುತ್ತಾರೆ, ಕಾಂಪೌಂಡಿನ ಮರದಡಿ ನಿಲ್ಲುತ್ತಾರೆ, ಒಳಗೆ ಜಾಗ ಸಾಲದೆ ಇರುವುದು ಯಾರಿಗೂ ಕಾಣುವುದಿಲ್ಲ. ಜುಲೈನಲ್ಲಿ ಅದೇ ಜನ ಒಳಗೆ ಬಂದು ಮೆಟ್ಟಿಲ ಮೇಲೆ ರಾಶಿಯಾಗುತ್ತಾರೆ. ಆದ್ದರಿಂದ ಮೊದಲ ಸುತ್ತು ಜುಲೈ ಎರಡನೇ ವಾರದ ನಂತರ, ಎರಡನೇ ಸುತ್ತು ಜನವರಿ ಅಥವಾ ಫೆಬ್ರವರಿಯಲ್ಲಿ ಇರಲಿ. ಕುಶಾಲನಗರದ ಕಡೆ ಮಳೆ ಇದಕ್ಕಿಂತ ಎಷ್ಟೋ ಕಡಿಮೆ. ಅಲ್ಲಿನ ಕಟ್ಟಡಗಳಿಗೆ ಮಾರ್ಚ್–ಏಪ್ರಿಲ್ ಬಿಸಿಲಿನ ಸುತ್ತೂ ಒಂದು ಬೇಕು, ಏಕೆಂದರೆ ಅಲ್ಲಿ ಜಗಲಿಯನ್ನು ಖಾಲಿ ಮಾಡಿಸುವುದು ಮಧ್ಯಾಹ್ನದ ಸೆಕೆ.

ದಿನ ಆರಿಸುವಾಗ ಎಚ್ಚರ ಬೇಕು. ಕೊಡವರ ಕಕ್ಕಡ ತಿಂಗಳ ಹದಿನೆಂಟರಂದು, ಅಂದರೆ ಆಗಸ್ಟ್ 3ರ ಸುಮಾರಿಗೆ, ಮದ್ದುಸೊಪ್ಪಿನ ಪಾಯಸದ ಡಬ್ಬಿಗಳು ಊಟದ ಕೋಣೆಗೆ ಬಂದರೆ ಅಲ್ಲಿ ಕಾಲಿಡಲು ಎಡೆ ಇರುವುದಿಲ್ಲ. ಆ ಒಂದು ದಿನ ಕೋಣೆ ತುಂಬಿದ್ದನ್ನು ನೋಡಿ ಕೋಣೆ ಚೆನ್ನಾಗಿದೆ ಎಂದು ಬರೆದುಕೊಂಡರೆ ಮೋಸಹೋದಂತೆ. ಕೈಲ್ಪೊಳ್ದ್, ಹುತ್ತರಿ ಹಬ್ಬಗಳ ಹಿಂದುಮುಂದಿನ ದಿನಗಳೂ ಹಾಗೆಯೇ, ಅರ್ಧ ಕಚೇರಿ ರಜೆಯಲ್ಲಿರುತ್ತದೆ. ಎಸ್ಟೇಟ್ ಆಫೀಸಿನಲ್ಲಿ ಬಟವಾಡೆಯ ದಿನ ಬಿಡಿ. ತಾಲ್ಲೂಕು ಕಚೇರಿಯಾದರೆ ಸಂತೆಯ ದಿನವನ್ನು ಬಿಡಬೇಡಿ, ಅಂದು ಹಳ್ಳಿಗಳಿಂದ ಬಂದವರು ಕಾರಿಡಾರನ್ನು ಹೇಗೆ ಬಳಸುತ್ತಾರೆ ಎನ್ನುವುದೂ ಲೆಕ್ಕಕ್ಕೆ ಬರಬೇಕು. ಕಾಯುವವರಿಗೂ ಸಿಬ್ಬಂದಿಗೂ ಒಂದೇ ಬೆಂಚು ಎಂದಾದರೆ ಸಿಬ್ಬಂದಿ ಅಲ್ಲಿ ಕೂರುವುದಿಲ್ಲ, ಕೂತರೆ "ಕೆಲಸ ಬಿಟ್ಟು ಕೂತಿದ್ದಾರೆ" ಎಂಬ ಮಾತು ಬರುತ್ತದೆ.

ಕಾಲಿನ ಲೆಕ್ಕ

ಕಟ್ಟಡದ ನಕ್ಷೆಯನ್ನು ಒಂದು ಹಾಳೆಯಲ್ಲಿ ಕೈಯಿಂದಲೇ ಬರೆದುಕೊಳ್ಳಿ. ಜನ ನಿಲ್ಲುವ ಎಲ್ಲ ಎಡೆಗೂ ಸಂಖ್ಯೆ ಕೊಡಿ. ನಿಲ್ಲಬೇಕಾದ ಜಾಗಕ್ಕಷ್ಟೇ ಕೊಟ್ಟು ನಿಜವಾಗಿ ನಿಲ್ಲುವ ಜಾಗವನ್ನು ಬಿಡುವುದು ಈ ಕೆಲಸದಲ್ಲಿ ಎಲ್ಲರೂ ಮಾಡುವ ಮೊದಲ ತಪ್ಪು. ಬೀಡಿ ಸೇದುವ ಹಿತ್ತಲು, ಡ್ರೈವರುಗಳು ನಿಲ್ಲುವ ಪೋರ್ಟಿಕೊ, ಹೆಂಗಸರ ಶೌಚಾಲಯದ ಮುಂದಿನ ಪುಟ್ಟ ಜಾಗ, ಎಲ್ಲವೂ ನಕ್ಷೆಗೆ ಬರಲಿ.

ಹತ್ತರಿಂದ ಐದೂವರೆಯ ಕಚೇರಿಗೆ ದಿನಕ್ಕೆ ಎಂಟು ಸುತ್ತು ಸಾಕು: 10.15, 11.15, 11.30, 1.15, 1.45, 3.30, 4.00, 4.15. ಪ್ರತಿ ಸುತ್ತಿನಲ್ಲೂ ಒಂದೇ ದಾರಿಯಲ್ಲಿ ನಡೆದು, ಆ ಕ್ಷಣದಲ್ಲಿ ಎಲ್ಲಿ ಎಷ್ಟು ಜನ ಎಂದು ಬರೆಯಿರಿ. ಎಪ್ಪತ್ತು ಎಂಬತ್ತು ಜನರ ಕಟ್ಟಡವಾದರೂ ಸುತ್ತು ಐದು ನಿಮಿಷ ಮೀರಬಾರದು, ಮೀರಿದರೆ ಒಬ್ಬರನ್ನೇ ಎರಡು ಕಡೆ ಎಣಿಸುತ್ತೀರಿ. ಒಂದು ಸಾಲಿನ ಬರಹ ಹೀಗಿರಲಿ: "ಜಾಗ 3, 11.15, ಹೆಂಗಸರು 2, ಗಂಡಸರು 1, ನಿಂತು, ಲೋಟ ಇದೆ, ಮಳೆ ಜೋರು." ಹೆಸರು ಬೇಡ, ಫೋಟೋ ಬೇಡ. ಆರು ದಿನ ನಡೆಸಿ ಮೊದಲ ದಿನದ ಹಾಳೆಯನ್ನು ಬದಿಗಿಡಿ. ಯಾರೋ ಎಣಿಸುತ್ತಿದ್ದಾರೆ ಎಂದು ಗೊತ್ತಾದ ದಿನ ಜನ ಮೇಜು ಬಿಟ್ಟು ಏಳುವುದೇ ಕಡಿಮೆ. ಉಳಿದ ಐದು ದಿನಕ್ಕೆ 40 ಸುತ್ತು ಸಿಗುತ್ತದೆ, ಅಷ್ಟು ಇದ್ದರೆ ಲೆಕ್ಕಕ್ಕೆ ಬಲ ಬರುತ್ತದೆ.

ಎಣಿಕೆಯ ಉದ್ದೇಶವನ್ನು ಹಿಂದಿನ ದಿನವೇ ಎಲ್ಲರಿಗೂ ಹೇಳಬೇಕು. ಎಣಿಸುವವರು ಹಾಜರಿ ಪುಸ್ತಕ ನೋಡುವವರಾಗಬಾರದು. ಮ್ಯಾನೇಜರ್ ಕೈಯಲ್ಲಿ ಪ್ಯಾಡ್ ಹಿಡಿದು ಕಾರಿಡಾರಿನಲ್ಲಿ ಸುತ್ತಿದರೆ ನಿಮಗೆ ಸಿಗುವುದು ಖಾಲಿ ಕಾರಿಡಾರು.

ಬಾಯಿಯ ಲೆಕ್ಕ, ಮತ್ತು "ಪರವಾಗಿಲ್ಲ" ಎಂಬ ಮಾತು

ದೊಡ್ಡ ದೊಡ್ಡ ಕಟ್ಟಡಗಳ ಬಳಕೆದಾರರನ್ನು ಕೇಳುವವರು ಏಳು ಹಂತದ ಅಳತೆ ಬಳಸುತ್ತಾರೆ. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಬರ್ಕ್ಲಿಯಲ್ಲಿರುವ ಕಟ್ಟಡ ಅಧ್ಯಯನ ಕೇಂದ್ರದ ಸಮೀಕ್ಷೆಯಲ್ಲೂ ಅದೇ ಇದೆ, ನಡುವಿನ ಹಂತ ಅತ್ತಲೂ ಅಲ್ಲ ಇತ್ತಲೂ ಅಲ್ಲ. ನೂರಾರು ಕಟ್ಟಡಗಳನ್ನು ಹೋಲಿಸಲು ಅದು ಸರಿ. ನಮ್ಮ ನಲವತ್ತು ಜನರ ಕಚೇರಿಯಲ್ಲಿ ಅದನ್ನೇ ಕನ್ನಡಕ್ಕೆ ತಂದು ನಡುವೆ "ಪರವಾಗಿಲ್ಲ" ಎಂದು ಬರೆದರೆ ಮೂವತ್ತು ಜನ ಅದಕ್ಕೇ ಗುರುತು ಹಾಕಿಬಿಡುತ್ತಾರೆ. ಕನ್ನಡದಲ್ಲಿ ಪರವಾಗಿಲ್ಲ ಎನ್ನುವುದು ಅಳತೆಯ ಮಾತಲ್ಲ, ಮರ್ಯಾದೆಯ ಮಾತು. ಊಟ ಹೇಗಿತ್ತು ಎಂದಾಗ ಉಪ್ಪು ಹೆಚ್ಚಾದದ್ದನ್ನು ಮುಚ್ಚಲು ಹೇಳುವುದೂ ಅದನ್ನೇ, ನಿಜವಾಗಿ ಚೆನ್ನಾಗಿದ್ದಾಗ ಮೆಚ್ಚಿ ಹೇಳುವುದೂ ಅದನ್ನೇ. ಆದ್ದರಿಂದ ನಡುವಿನ ಹಂತವನ್ನು ತೆಗೆದುಹಾಕಿ, ನಾಲ್ಕೇ ಇಡಿ: ತುಂಬಾ ಹಿಡಿಸಿದೆ, ಹಿಡಿಸಿದೆ, ಅಷ್ಟಾಗಿ ಹಿಡಿಸಿಲ್ಲ, ಸ್ವಲ್ಪವೂ ಹಿಡಿಸಿಲ್ಲ. ಇವುಗಳ ಪಕ್ಕ ಬೇರೆಯಾಗಿ ಇನ್ನೊಂದು ಚೌಕ: "ನಾನು ಅಲ್ಲಿಗೆ ಹೋಗುವುದಿಲ್ಲ." ಈ ಐದನೆಯದು ಎಲ್ಲಕ್ಕಿಂತ ಮುಖ್ಯ. ಹೋಗದವರು ಹಾಕುವ ಅಂಕ ಕೋಣೆಯ ಅಂಕವಲ್ಲ, ಕೋಣೆಯ ಬಗ್ಗೆ ಇರುವ ಕಲ್ಪನೆಯ ಅಂಕ.

ಪ್ರಶ್ನೆಗಳು ಏಳಕ್ಕಿಂತ ಹೆಚ್ಚು ಬೇಡ. ಒಂದು ಪುಟದಲ್ಲಿ ಮುಗಿಯಲಿ, ಹಿಂಬದಿಯಲ್ಲಿ ಸಂಖ್ಯೆ ಹಾಕಿದ ನಕ್ಷೆ ಇರಲಿ, ಅದರ ಪ್ರತಿ ಜಾಗಕ್ಕೂ ಮೇಲಿನ ಐದು ಚೌಕಗಳಲ್ಲಿ ಒಂದಕ್ಕೆ ಗುರುತು ಹಾಕಿಸಿ.

1. ಕಳೆದ ವಾರ ಬಿಡುವಿನಲ್ಲಿ ಮೇಜು ಬಿಟ್ಟು ಎದ್ದಾಗ ಹೆಚ್ಚಾಗಿ ಯಾವ ಸಂಖ್ಯೆಯ ಜಾಗಕ್ಕೆ ಹೋದಿರಿ?
2. ಅಲ್ಲಿಗೇ ಏಕೆ?
3. ಯಾವ ಜಾಗಕ್ಕೆ ಹೋಗುವುದೇ ಇಲ್ಲ? ಏಕೆ?
4. ಮಳೆ ಜೋರಾದಾಗ ಎಲ್ಲಿಗೆ ಹೋಗುತ್ತೀರಿ?
5. ಅಲ್ಲಿ ಹತ್ತು ನಿಮಿಷ ನಿಂತರೆ ಯಾರಾದರೂ ಏನಾದರೂ ಅಂದುಕೊಂಡಾರು ಎಂಬ ಅಳುಕು ಇದೆಯೇ?
6. ಹೆಚ್ಚಾಗಿ ಹೋಗುವ ಜಾಗದಲ್ಲಿ ಕೂರುವ ವ್ಯವಸ್ಥೆ, ಬೆಚ್ಚಗಿರುವುದು, ಬೆಳಕು, ಸದ್ದು, ಶುಚಿ, ಕಾಫಿ ಮತ್ತು ನೀರು: ಪ್ರತಿಯೊಂದಕ್ಕೂ ಒಂದು ಗುರುತು ಹಾಕಿ.
7. 500 ರೂಪಾಯಿಯೊಳಗೆ ಒಂದೇ ಒಂದು ಬದಲಾವಣೆ ಮಾಡಬಹುದಾದರೆ ಏನು ಮಾಡುತ್ತೀರಿ?

ಕೊನೆಯ ಪ್ರಶ್ನೆಗೆ ಹಣದ ಮಿತಿ ಹಾಕಿದ್ದಕ್ಕೆ ಕಾರಣವಿದೆ. ಮಿತಿ ಇಲ್ಲದಿದ್ದರೆ ಜಿಮ್, ಕ್ಯಾಂಟೀನ್, ಹೊಸ ಕಟ್ಟಡ ಎಂದು ಬರುತ್ತದೆ. ಮಿತಿ ಇದ್ದರೆ "ನಲ್ಲಿ ಹತ್ತಿರ ಕೈ ಒರೆಸುವ ಬಟ್ಟೆ", "ಬಾಗಿಲ ಹಿಂದೆ ಎರಡು ಮೊಳೆ" ಎಂಬಂಥ ಉತ್ತರ ಬರುತ್ತದೆ, ಅದು ನಾಳೆಯೇ ಮಾಡಬಹುದಾದ ಕೆಲಸ.

ಹೆಸರು ಬೇಡ ಎಂದರೆ ಸಾಲದು. ವಿಭಾಗ, ವಯಸ್ಸು, ಹೆಣ್ಣು–ಗಂಡು ಮೂರನ್ನೂ ಕೇಳಿದರೆ, ಲೆಕ್ಕಪತ್ರ ವಿಭಾಗದಲ್ಲಿ ಒಬ್ಬರೇ ಹೆಂಗಸು ಇರುವ ಕಡೆ ಹೆಸರು ಕೇಳಿದಂತೆಯೇ. ಯಾವುದಾದರೂ ಒಂದನ್ನು ಮಾತ್ರ ಕೇಳಿ. ಹಾಳೆಗಳನ್ನು ಬೀಗ ಹಾಕಿದ ಡಬ್ಬಿಗೆ ಹಾಕಿಸಿ, ಡಬ್ಬಿ ಅಧಿಕಾರಿಯ ಕೋಣೆಯ ಮುಂದೆ ಬೇಡ. ಇನ್ನೊಂದು ಮಾತು: ಕಸ ಗುಡಿಸುವವರು, ಸೆಕ್ಯೂರಿಟಿಯವರು, ಡ್ರೈವರುಗಳು, ಗ್ರೂಪ್ ಡಿ ನೌಕರರು, ಇವರನ್ನು ಬಿಟ್ಟು ಮಾಡಿದ ಸಮೀಕ್ಷೆಗೆ ಬೆಲೆ ಇಲ್ಲ. ದಿನದಲ್ಲಿ ಹೆಚ್ಚು ಹೊತ್ತು ಜಗಲಿ–ಕಾರಿಡಾರಿನಲ್ಲಿ ಇರುವವರು ಅವರೇ. ಬರೆಯಲು ಒಲ್ಲದವರನ್ನು ಕೂರಿಸಿಕೊಂಡು ಬಾಯಿಮಾತಿನಲ್ಲಿ ಕೇಳಿ. ಕೊಡವ ತಕ್ಕ್, ಅರೆಭಾಷೆ, ತುಳು, ಮಲಯಾಳ, ಅವರ ಮನೆಮಾತು ಬಲ್ಲವರು ಕೇಳಿದರೆ ಉತ್ತರ ಉದ್ದವಾಗುತ್ತದೆ. ಹಾಳೆಯ ಮೇಲಿನ ಒಂದು ಗುರುತಿಗಿಂತ ಆ ಉದ್ದದ ಉತ್ತರ ಹತ್ತು ಪಾಲು ಹೆಚ್ಚು ಕೆಲಸಕ್ಕೆ ಬರುತ್ತದೆ.

ಎರಡು ಲೆಕ್ಕ ಕೂಡಿಸಿ ಓದುವುದು

ಕ್ರಮ ತೋರಿಸಲು ಒಂದು ಊಹೆಯ ಕಚೇರಿ ಇಟ್ಟುಕೊಳ್ಳೋಣ. 38 ಜನ, 34 ಹಾಳೆ ವಾಪಸ್ ಬಂದಿವೆ. ಊಟದ ಕೋಣೆ 40 ಸುತ್ತಿನಲ್ಲಿ 31 ಬಾರಿ ಖಾಲಿ. ಮೆಟ್ಟಿಲ ತಿರುವಿನಲ್ಲಿ 22 ಸುತ್ತಿನಲ್ಲಿ ಜನ ಇದ್ದರು. ಹಾಳೆಯಲ್ಲಿ ಊಟದ ಕೋಣೆ ಹಿಡಿಸಿದೆ ಎಂದವರು 19. ಇಲ್ಲಿ 19 ಎಂಬ ಸಂಖ್ಯೆಯನ್ನು ಹಿಡಿದು ಕೂರಬೇಡಿ. ಆ 19 ಜನರ ಮೊದಲ ಪ್ರಶ್ನೆಯ ಉತ್ತರ ನೋಡಿ, ಎಷ್ಟು ಜನ ನಿಜವಾಗಿ ಅಲ್ಲಿಗೆ ಹೋಗುತ್ತಾರೆ? ಆರೇ ಜನ ಎಂದು ಬಂದರೆ ಕೋಣೆಯ ಅಂಕ ಆ ಆರರಿಂದ ಮಾತ್ರ. ಇಷ್ಟು ಸಣ್ಣ ಸಂಖ್ಯೆಗೆ ಶೇಕಡಾವಾರು ಹಾಕಬೇಡಿ, "34ರಲ್ಲಿ 6" ಎಂದೇ ಬರೆಯಿರಿ. ಶೇ. 17.6 ಎಂದು ಬರೆದರೆ ಇಲ್ಲದ ಖಚಿತತೆ ಬರುತ್ತದೆ.

ಜನ ಇರುವ, ಆದರೆ ಹಿಡಿಸಿಲ್ಲ ಎನ್ನುವ ಜಾಗವೇ ಚಿನ್ನದಂಥದ್ದು. ತೊಂದರೆ ಸಹಿಸಿಕೊಂಡೂ ಅಲ್ಲಿಗೇ ಬರುತ್ತಾರೆ ಎಂದರೆ ಜಾಗದ ಆಯ್ಕೆ ಸರಿ, ಸೌಕರ್ಯ ಮಾತ್ರ ಇಲ್ಲ. ಹಣ ಇದ್ದರೆ ಮೊದಲು ಅಲ್ಲಿ ಹಾಕಿ. ಯಾರೂ ಹೋಗದ ಕೋಣೆಗೆ ಹೊಸ ಸೋಫಾ ತಂದು ಜನರನ್ನು ಎಳೆಯುವ ಪ್ರಯತ್ನ ಮಾಡಬೇಡಿ.

ಏಕೆ ಹೋಗುವುದಿಲ್ಲ ಎಂಬುದಕ್ಕೆ ದೂರವೂ ಒಂದು ಉತ್ತರ. ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದ ಥಾಮಸ್ ಅಲೆನ್ 1970ರ ದಶಕದಲ್ಲಿ ಎಂಜಿನಿಯರುಗಳ ಮಾತುಕತೆಯನ್ನು ಲೆಕ್ಕಹಾಕಿ, ಇಬ್ಬರ ಮೇಜುಗಳ ನಡುವಿನ ಅಂತರ ಹೆಚ್ಚಿದಂತೆ ಮಾತು ಕಡಿದಾಗಿ ಇಳಿಯುತ್ತದೆ, ಸುಮಾರು 30 ಮೀಟರ್ ಹೊತ್ತಿಗೆ ತೀರ ಕಡಿಮೆಯಾಗುತ್ತದೆ ಎಂದು ತೋರಿಸಿದರು. ಕೊಡಗಿನ ಎಷ್ಟೋ ಕಚೇರಿಗಳು ಇಳಿಜಾರಿನಲ್ಲಿ ಮೂರು ತುಂಡಾಗಿ ಕೂತಿವೆ, ನಡುವೆ ತೆರೆದ ಅಂಗಳ. ಮಳೆಯಲ್ಲಿ ಕೊಡೆ ಬಿಡಿಸಿ, ಚಪ್ಪಲಿ ಬದಲಿಸಿ ದಾಟಬೇಕಾದ ಎಂಟು ಮೀಟರ್ ಅಂಗಳ ಒಳಗಿನ 30 ಮೀಟರಿಗಿಂತ ದೂರ. ಕಾಫಿಯ ಮೂಲೆ ಆಚೆ ಬ್ಲಾಕಿನಲ್ಲಿದ್ದರೆ ಈಚೆಯವರು ಜೂನ್‌ನಿಂದ ಸೆಪ್ಟೆಂಬರ್ ತನಕ ಅದನ್ನು ಮರೆತುಬಿಡುತ್ತಾರೆ. ಪ್ರತಿ ಬ್ಲಾಕಿಗೂ ಒಂದು ಪುಟ್ಟ ಕಾಫಿ ಕಟ್ಟೆ ಇಡುವುದು, ಇಲ್ಲವೇ ನಡುವೆ ಒಂದು ಮೀಟರಿಗಿಂತ ಅಗಲದ ಮಾಡು ಹಾಕುವುದು, ಇವೆರಡೇ ಪರಿಹಾರ.

ಎರಚಲು: ಜಗಲಿ ಖಾಲಿಯಾಗುವ ಲೆಕ್ಕ

ಜಗಲಿ ಇದ್ದೂ ಜನ ನಿಲ್ಲದ ಕಚೇರಿ ನಮ್ಮಲ್ಲಿ ಬಹಳ. ಕಾರಣ ಸೂರಿನ ಅಂಚಿನ ಎತ್ತರ. ಗಾಳಿ ಜೋರಾದಾಗ ಮಳೆ 45 ಡಿಗ್ರಿ ಓರೆಯಾಗಿ ಬೀಳುತ್ತದೆ ಎಂದು ಇಟ್ಟುಕೊಳ್ಳಿ. ಆಗ ಹನಿ ಎಷ್ಟು ಕೆಳಗಿಳಿಯುತ್ತದೋ ಅಷ್ಟೇ ಒಳಗೆ ಬರುತ್ತದೆ. ಸೂರಿನ ಅಂಚು ನೆಲದಿಂದ 240 ಸೆಂ.ಮೀ. ಎತ್ತರದಲ್ಲಿದೆ, ಜಗಲಿಯ ಅಂಚಿನಿಂದ 60 ಸೆಂ.ಮೀ. ಹೊರಚಾಚಿದೆ, ಜಗಲಿಯ ಅಗಲ 180 ಸೆಂ.ಮೀ. ಎಂದಾದರೆ ನೆಲಮಟ್ಟದಲ್ಲಿ ಹನಿ ಸೂರಿನ ಅಂಚಿನಿಂದ 240 ಸೆಂ.ಮೀ. ಒಳಗೆ, ಅಂದರೆ ಸರಿಯಾಗಿ ಗೋಡೆಯ ಬುಡಕ್ಕೆ ಬಂದು ಬೀಳುತ್ತದೆ. 45 ಸೆಂ.ಮೀ. ಎತ್ತರದ ಬೆಂಚಿನ ಮಟ್ಟದಲ್ಲಿ 195 ಸೆಂ.ಮೀ. ಒಳಬರುತ್ತದೆ. ಸೂರಿನ 60 ಕಳೆದರೆ ಜಗಲಿಯೊಳಗೆ 135. ಉಳಿದ ಒಣ ಜಾಗ 45 ಸೆಂ.ಮೀ., ಗೋಡೆಗೆ ಒತ್ತಿದ ಒಂದು ಬೆಂಚಿನಷ್ಟೇ. ಬೆಂಚು ಒಣಗಿರುತ್ತದೆ, ಕೂತವರ ಪಾದ ನೆನೆಯುತ್ತದೆ. "ಬೆಂಚು ಹಾಕಿಸಿಕೊಟ್ಟರೂ ಯಾರೂ ಕೂರುವುದಿಲ್ಲ" ಎಂಬ ದೂರಿನ ಮೂಲ ಇದು.

ಸೂರನ್ನು ಉದ್ದ ಮಾಡಲು ಹೋಗಬೇಡಿ, ಅಂಚನ್ನು ಕೆಳಗಿಳಿಸಿ. ಸೂರಿನ ಅಂಚಿನಿಂದ 90 ಸೆಂ.ಮೀ. ಇಳಿಬಿಡುವ ಪಾರದರ್ಶಕ ದಪ್ಪ ಪ್ಲಾಸ್ಟಿಕ್ ಪರದೆ ಅಥವಾ ಬಿದಿರಿನ ಕಡ್ಡಿಯ ಪರದೆ ಹಾಕಿದರೆ ಅಂಚು 150 ಸೆಂ.ಮೀ.ಗೆ ಬರುತ್ತದೆ. ಈಗ ನೆಲಮಟ್ಟದಲ್ಲೇ ಹನಿ ಜಗಲಿಯೊಳಗೆ 90 ಸೆಂ.ಮೀ. ಮಾತ್ರ ಬರುತ್ತದೆ. ಬೆಂಚಿಗೆ 45, ಕಾಲಿಗೆ 45, ಎರಡೂ ಒಣ. ಕೂತವರ ಕಣ್ಣು ಸುಮಾರು 115–120 ಸೆಂ.ಮೀ. ಎತ್ತರದಲ್ಲಿರುವುದರಿಂದ ಪರದೆಯ ಕೆಳಗಿಂದ ಅಂಗಳ ಕಾಣುತ್ತಲೇ ಇರುತ್ತದೆ, ನೋಟ ತಪ್ಪುವುದಿಲ್ಲ. ಪರದೆಯ ಕೆಳಗಂಚಿಗೆ ಅರ್ಧ ಇಂಚಿನ ಜಿ.ಐ. ಪೈಪು ತೂರಿಸಿ ಎರಡು ಕಡೆ ಕಂಬಕ್ಕೆ ಕಟ್ಟಿ. ಹಾಗೇ ಬಿಟ್ಟರೆ ಗಾಳಿಗೆ ಪಟಪಟ ಹೊಡೆದು ಒಂದೇ ವಾರದಲ್ಲಿ ಕೊಕ್ಕೆ ಕಿತ್ತುಬರುತ್ತದೆ. ಬಾಗಿಲಿನ ನೇರಕ್ಕೆ 120 ಸೆಂ.ಮೀ. ತೆರವು ಬಿಡಿ, ಅಲ್ಲಿ ಪರದೆಯೂ ಬೇಡ, ಬೆಂಚೂ ಬೇಡ. ಸೆಪ್ಟೆಂಬರ್ ಕೊನೆಗೆ ಬಿಚ್ಚಿ, ತೊಳೆದು, ಪೂರ್ತಿ ಒಣಗಿಸಿ ಸುತ್ತಿಡಿ. ಒದ್ದೆಯಲ್ಲೇ ಸುತ್ತಿಟ್ಟರೆ ಮುಂದಿನ ಜೂನ್‌ನಲ್ಲಿ ಸಿಗುವುದು ಬೂಸ್ಟಿನ ಸುರುಳಿ.

ಮುಂಗಾರಿನ ಗಾಳಿ ನಮ್ಮಲ್ಲಿ ಪಶ್ಚಿಮ–ನೈಋತ್ಯದಿಂದ ಬೀಸುತ್ತದೆ. ಪೂರ್ವಕ್ಕೆ ಒಂದು ಜಗಲಿ ಇದ್ದರೆ ಪರದೆಯ ಗೋಜು ಬೇಡ, ಬೆಂಚನ್ನೇ ಆ ಕಡೆ ಒಯ್ಯಿರಿ. ಡಿಸೆಂಬರ್–ಜನವರಿಯ ಚಳಿಯಲ್ಲಿ ಎಳೆಬಿಸಿಲು ಬೀಳುವುದೂ ಅಲ್ಲೇ, ಎರಡೂ ಕಾಲಕ್ಕೆ ಒಂದೇ ಜಾಗ ಒದಗುತ್ತದೆ.

ಕೊಡೆ, ನೆಲ, ಪಾಚಿ

ಮಳೆಗಾಲದ ಅತೃಪ್ತಿಯಲ್ಲಿ ದೊಡ್ಡ ಪಾಲು ಒದ್ದೆ ಕೊಡೆಯದು. ಬಕೆಟಿನಲ್ಲಿ ಹತ್ತು ಕೊಡೆ ತುರುಕಿದರೆ ಅವು ಒಣಗುವುದಿಲ್ಲ, ಸಂಜೆ ಯಾರದು ಯಾವುದು ಎಂದು ಗೊತ್ತಾಗುವುದಿಲ್ಲ, ಆದ್ದರಿಂದ ಜನ ಕೊಡೆಯನ್ನು ಊಟದ ಕೋಣೆಗೇ ತಂದು ಬಿಡಿಸಿಡುತ್ತಾರೆ, ಕೂರುವ ಜಾಗ ಹೋಗುತ್ತದೆ. ಬಾಗಿಲ ಹೊರಗೆ, ಸೂರಿನಡಿ, 110 ಸೆಂ.ಮೀ. ಎತ್ತರಕ್ಕೆ ಒಂದು ಪೈಪು ಹಾಕಿ 15 ಸೆಂ.ಮೀ.ಗೊಂದು ಕೊಕ್ಕೆ, ಪ್ರತಿ ಕೊಕ್ಕೆಗೂ ಸಂಖ್ಯೆ. ಎರಡು ಮೀಟರ್ ಪೈಪಿಗೆ 13 ಕೊಡೆ ಹಿಡಿಸುತ್ತದೆ. ಕೆಳಗೆ ತಗಡಿನ ದೋಣಿ, ಒಂದು ತುದಿಗೆ ಇಳಿಜಾರು ಕೊಟ್ಟು ನೀರು ಚರಂಡಿಗೆ. ಮಳೆಕೋಟಿಗೆ ಬೇರೆ ಸಾಲು, 170 ಸೆಂ.ಮೀ. ಎತ್ತರ, ಕೊಕ್ಕೆಗಳ ನಡುವೆ 25 ಸೆಂ.ಮೀ., ಗೋಡೆಯಿಂದ ಒಂದು ಗೇಣು ಮುಂದೆ. ಗೋಡೆಗೆ ತಾಗಿದ ಕೋಟು ಒಣಗುವ ಬದಲು ಗೋಡೆಯನ್ನು ನೆನೆಸುತ್ತದೆ.

ನುಣುಪಾದ ವಿಟ್ರಿಫೈಡ್ ಟೈಲ್ಸ್ ಹಾಕಿದ ಕಾರಿಡಾರಿನಲ್ಲಿ ಜನ ನಿಲ್ಲುವುದಿಲ್ಲ, ಗೋಡೆ ಹಿಡಿದು ದಾಟುತ್ತಾರೆ. ಇಡೀ ನೆಲ ಕೀಳಬೇಕಾಗಿಲ್ಲ. ಬಾಗಿಲಿಂದ ಒಳಗೆ ಮೂರು ನಾಲ್ಕು ಹೆಜ್ಜೆ, ಅಂದರೆ ಎರಡು ಮೀಟರಿನಷ್ಟು ಉದ್ದಕ್ಕೆ ಕಾಲೊರೆಸು ಹಾಸಿ. ತೆಂಗಿನ ನಾರಿನದಾದರೆ ಎರಡು ಜೊತೆ ಇಟ್ಟುಕೊಂಡು ದಿನ ಬಿಟ್ಟು ದಿನ ಬದಲಿಸಿ, ಒಂದೇ ಜೊತೆ ಇದ್ದರೆ ಜುಲೈ ಕೊನೆಗೆ ಕೊಳೆತ ವಾಸನೆ ಕಚೇರಿಯೆಲ್ಲ ಹರಡುತ್ತದೆ. ತಾರಸಿಯನ್ನೂ ಹೊರಮೆಟ್ಟಿಲನ್ನೂ ಮೇ ಕೊನೆಯೊಳಗೆ ಬ್ಲೀಚಿಂಗ್ ಪುಡಿ ಹಾಕಿ ಉಜ್ಜಿಸಿ. ಪಾಚಿ ಕಟ್ಟಿದ ಮೇಲೆ ಉಜ್ಜುವುದು ಎರಡು ಪಟ್ಟು ಕೆಲಸ.

ಕಾಫಿ ಕಟ್ಟೆಯ ಸಾಲು

ಕಾಫಿಯ ಜಿಲ್ಲೆಯಲ್ಲಿ ಕಾಫಿಯ ಮೂಲೆಯೇ ಕಚೇರಿಯ ಹೃದಯ. ಅಲ್ಲಿನ ಜಗಳ ಬಹುಮಟ್ಟಿಗೆ ಲೆಕ್ಕದ ಜಗಳ. ಮಳೆಗಾಲದಲ್ಲಿ ನಲ್ಲಿ ನೀರು ಸುಮಾರು 18 ಡಿಗ್ರಿ ಇರುತ್ತದೆ ಎನ್ನಿ. 1,500 ವ್ಯಾಟಿನ ಕೆಟಲ್ ಒಂದು ಲೀಟರ್ ಕುದಿಸಲು ನಾಲ್ಕು ನಿಮಿಷದ ಹತ್ತಿರ ತೆಗೆದುಕೊಳ್ಳುತ್ತದೆ. 30 ಜನಕ್ಕೆ ತಲಾ 150 ಮಿ.ಲೀ. ಎಂದರೆ 4.5 ಲೀಟರ್, ಹದಿನೇಳು ನಿಮಿಷಕ್ಕಿಂತ ಹೆಚ್ಚು. ಬಿಡುವು ಇರುವುದು ಹದಿನೈದು ನಿಮಿಷ. ಸಾಲಿನ ಕೊನೆಯವರಿಗೆ ಕಾಫಿ ಸಿಗುವ ಹೊತ್ತಿಗೆ ಬಿಡುವು ಮುಗಿದಿರುತ್ತದೆ, ಅವರು ಸಮೀಕ್ಷೆಯಲ್ಲಿ ಬರೆಯುವುದು "ಜಾಗ ಸಾಲದು" ಎಂದು. ಜಾಗ ಸಾಕು, ಬಿಸಿನೀರು ಸಾಲದು. ಬಿಡುವಿಗೆ ಅರ್ಧ ಗಂಟೆ ಮೊದಲೇ ಐದು ಲೀಟರಿನ ಫ್ಲಾಸ್ಕ್ ತುಂಬಿಸಿಟ್ಟರೆ ಸಾಲು ಕರಗುತ್ತದೆ. ಬೆಲ್ಲದ ಕಾಫಿ ಫ್ಲಾಸ್ಕಿನಲ್ಲಿ ಚೆನ್ನಾಗಿ ಉಳಿಯುತ್ತದೆ. ಹಾಲು ಬೆರೆಸಿದ್ದನ್ನು ತುಂಬಿಡಬೇಡಿ, ರುಚಿ ಕೆಡುತ್ತದೆ, ಹಾಲನ್ನು ಬೇರೆ ಇಡಿ.

ಗಾಳಿಮಳೆಗೆ ಕರೆಂಟು ಹೋಗುವುದು ಇದ್ದದ್ದೇ. 900 ವಿಎ ಇನ್ವರ್ಟರ್ 1,500 ವ್ಯಾಟಿನ ಕೆಟಲನ್ನು ಹೊರಲಾರದು, ಹಾಕಿದರೆ ಓವರ್‌ಲೋಡ್ ಆಗಿ ಕಂಪ್ಯೂಟರೂ ನಿಲ್ಲುತ್ತದೆ. ಕೆಟಲಿನ ಪ್ಲಗ್ಗು ಇನ್ವರ್ಟರ್ ಸಾಲಿನಲ್ಲಿ ಇರಲೇಬಾರದು, ಆದರೆ ಕಾಫಿ ಮೂಲೆಯ ಒಂದು ದೀಪ ಮಾತ್ರ ಆ ಸಾಲಿನಲ್ಲೇ ಇರಲಿ. ಮಂಜು ಕವಿದ ಮಧ್ಯಾಹ್ನ ಕತ್ತಲೆ ಕೋಣೆಗೆ ಯಾರೂ ಹೋಗುವುದಿಲ್ಲ. ಹಳದಿ ಬೆಳಕಿನ, 3,000 ಕೆಲ್ವಿನ್ ಆಸುಪಾಸಿನ 9 ವ್ಯಾಟ್ ಎಲ್ಇಡಿ ಬಲ್ಬುಗಳು ಎರಡು ಸಾಕು. ನೀಲಿಛಾಯೆಯ ಬಿಳಿ ಟ್ಯೂಬ್‌ಲೈಟು ಥಂಡಿಯನ್ನು ಇನ್ನಷ್ಟು ಥಂಡಿ ಮಾಡಿ ತೋರಿಸುತ್ತದೆ.

ಬೆಚ್ಚಗಾಗಲೆಂದು ಮುಚ್ಚಿದ ಕೋಣೆಯಲ್ಲಿ ಇದ್ದಿಲ ಅಗ್ಗಿಷ್ಟಿಕೆ ಇಡಬೇಡಿ. ಅದರ ಕಾರ್ಬನ್ ಮಾನಾಕ್ಸೈಡಿಗೆ ವಾಸನೆಯಿಲ್ಲ, ತಲೆನೋವು ಬಂದಾಗ ನಿದ್ದೆ ಎಂದುಕೊಳ್ಳುತ್ತಾರೆ, ಪ್ರಾಣಕ್ಕೇ ಅಪಾಯ.

ಲೋಟ ಯಾರು ತೊಳೆಯಬೇಕು ಎಂಬುದನ್ನು ಬರೆದು ಅಂಟಿಸಿ. ಸಿಂಕಿನಲ್ಲಿ ಎಂಜಲು ಲೋಟ ತುಂಬಿದ ಕೋಣೆಗೆ ಎಂಥ ಕುರ್ಚಿ ಹಾಕಿದರೂ ಅಂಕ ಏರುವುದಿಲ್ಲ.

ಕೂರುವುದು, ನಿಲ್ಲುವುದು, ಕೇಳಿಸುವುದು

ಎಣಿಕೆಯ ಹಾಳೆ ನೋಡಿದರೆ ತಿಳಿಯುತ್ತದೆ, ಬಿಡುವಿನ ಮಾತು ಬಹುಪಾಲು ಇಬ್ಬರದು, ಹೆಚ್ಚೆಂದರೆ ಮೂವರದು. ಹನ್ನೆರಡು ಜನರ ಉದ್ದ ಮೇಜಿಗೆ ಇಬ್ಬರು ಬಂದು ಕೂರಲು ಸಂಕೋಚಪಡುತ್ತಾರೆ. 60–70 ಸೆಂ.ಮೀ. ಅಡ್ಡಳತೆಯ ದುಂಡು ಮೇಜು ಮೂರು, ಎತ್ತಿಡಬಹುದಾದ ಹಗುರ ಕುರ್ಚಿ ಎಂಟು, ಇಷ್ಟಿದ್ದರೆ ಒಂದು ಉದ್ದ ಮೇಜಿಗಿಂತ ಒಳ್ಳೆಯದು. ನ್ಯೂಯಾರ್ಕಿನ ಚೌಕಗಳಲ್ಲಿ ಜನ ಕೂರುವ ರೀತಿಯನ್ನು 1970ರ ದಶಕದಲ್ಲಿ ಗಮನಿಸಿದ ವಿಲಿಯಂ ವೈಟ್, ಕುರ್ಚಿಯನ್ನು ಸರಿಸುವ ಅವಕಾಶಕ್ಕೇ ಜನ ಬೆಲೆ ಕೊಡುತ್ತಾರೆ ಎಂದು ಕಂಡುಕೊಂಡರು. ಒಂದಂಗುಲ ಸರಿಸಿಯಾದರೂ ಕೂತುಕೊಳ್ಳುತ್ತಾರಂತೆ. ನೆಲಕ್ಕೆ ಬೋಲ್ಟ್ ಹಾಕಿದ ಸ್ಟೀಲ್ ಕುರ್ಚಿಸಾಲಿನಲ್ಲಿ ಆ ಸುಖವಿಲ್ಲ. ನಿಂತು ಕುಡಿಯುವವರಿಗೆ ಕಿಟಕಿಯ ಪಕ್ಕ 105 ಸೆಂ.ಮೀ. ಎತ್ತರದಲ್ಲಿ 25 ಸೆಂ.ಮೀ. ಅಗಲದ ಹಲಗೆ ಹಾಕಿಸಿ. ಲೋಟ ಇಡಲು ಎಡೆ ಸಿಕ್ಕರೆ ಮೆಟ್ಟಿಲಿನಲ್ಲಿ ನಿಲ್ಲುವವರು ತಾವಾಗಿಯೇ ಅಲ್ಲಿಗೆ ಬರುತ್ತಾರೆ. ಮೆಟ್ಟಿಲ ತಿರುವು ತುರ್ತಿನಲ್ಲಿ ಹೊರಗೋಡುವ ದಾರಿ, ಅಲ್ಲಿ ಒಂದು ಸ್ಟೂಲನ್ನೂ ಇಡಬಾರದು.

ರೆಕ್ಸಿನ್ ಸೋಫಾ ನಮ್ಮ ಹವೆಗೆ ಅಲ್ಲ. ಹೊಲಿಗೆಯ ಸಂದಿನಲ್ಲಿ ನೀರು ಸೇರಿ ಸ್ಪಂಜು ಒಳಗಿಂದ ಬೂಸ್ಟು ಹಿಡಿಯುತ್ತದೆ. ಮರದ ಚೌಕಟ್ಟು, ಬಿಚ್ಚಿ ಒಗೆಯಬಹುದಾದ ಹತ್ತಿಯ ಕವಚ, ಗೋಡೆಯಿಂದ ನಾಲ್ಕು ಬೆರಳು ದೂರ.

ತಗಡಿನ ಮಾಡಿನಡಿ ಮಳೆ ಬಂದರೆ ಮಾತು ಕೇಳುವುದಿಲ್ಲ. ತಗಡಿನ ಕೆಳಗೆ 50 ಮಿ.ಮೀ. ದಪ್ಪದ ರಾಕ್‌ವೂಲ್ (ಕಲ್ಲಿನ ನಾರಿನ ಹಾಸು) ಇಟ್ಟು, ಅದರಡಿ ಹಲಗೆಯ ಅಥವಾ ಜಿಪ್ಸಂ ಒಳಮಾಡು ಹಾಕಿಸಿದರೆ ಸದ್ದು ಗಣನೀಯವಾಗಿ ಇಳಿಯುತ್ತದೆ. ಮೊದಲು ಮಾಡಿನ ಸೋರಿಕೆ ಮುಚ್ಚಿಸಿ, ನೆನೆದ ರಾಕ್‌ವೂಲ್ ಬೇಗ ಒಣಗುವುದಿಲ್ಲ. ಇದರ ತಿರುಗುಮುರುಗಾದ ತೊಂದರೆಯೂ ಉಂಟು, ಕಾಫಿ ಮೂಲೆಯ ಮಾತು ಪಕ್ಕದ ಮೇಜಿಗೆ ಕೇಳುವುದು. ಮೇಲೆ ಹೇಳಿದ ಬರ್ಕ್ಲಿಯ ಸಮೀಕ್ಷೆಗಳಲ್ಲಿ ವರ್ಷಗಳಿಂದಲೂ ಅತಿ ಕಡಿಮೆ ಅಂಕ ಬೀಳುವುದು ಸದ್ದು ಮತ್ತು ಮಾತಿನ ಗುಟ್ಟಿಗೇ. ಪರೀಕ್ಷಿಸುವುದು ಸುಲಭ. ಒಬ್ಬರು ಕಾಫಿ ಮೂಲೆಯಲ್ಲಿ ನಿಂತು ಸಾಮಾನ್ಯ ದನಿಯಲ್ಲಿ ಇಪ್ಪತ್ತು ಬಿಡಿ ಪದ ಓದಲಿ, ಹತ್ತಿರದ ಮೇಜಿನಲ್ಲಿ ಕೂತವರು ಕೇಳಿಸಿದ್ದನ್ನು ಬರೆಯಲಿ. ಹತ್ತಕ್ಕಿಂತ ಹೆಚ್ಚು ಸರಿಯಾಗಿದ್ದರೆ ನಡುವೆ ಫೈಲುಗಳ ಬೀರು ನಿಲ್ಲಿಸಿ ಮತ್ತೆ ಓದಿಸಿ.

ಯಾರ ಕಣ್ಣು ಬೀಳುತ್ತದೆ

ಐದನೇ ಪ್ರಶ್ನೆಗೆ "ಅಳುಕು ಇದೆ" ಎಂದವರು ಮೂರರಲ್ಲಿ ಒಂದು ಪಾಲಿಗಿಂತ ಹೆಚ್ಚಿದ್ದರೆ ಕುರ್ಚಿ ಮೇಜಿಗೆ ಹಣ ಹಾಕುವುದನ್ನು ನಿಲ್ಲಿಸಿ, ಮೊದಲು ಬಾಗಿಲುಗಳನ್ನು ನೋಡಿ. ಅಧಿಕಾರಿಯ ಬಾಗಿಲು ನೇರ ಕಾಫಿ ಮೂಲೆಗೆ ತೆರೆಯುತ್ತದೆಯೇ? ಸಿಸಿ ಕ್ಯಾಮೆರಾ ಕೂರುವ ಜಾಗದತ್ತ ತಿರುಗಿದೆಯೇ? ಕ್ಯಾಮೆರಾವನ್ನು ಹೊರಬಾಗಿಲಿನತ್ತ ತಿರುಗಿಸಿ, ಕುರ್ಚಿಗಳ ಬೆನ್ನು ಗೋಡೆಗೆ ಬರುವಂತೆ ಇಡಿ, ಬರುವವರು ಕೂತವರಿಗೆ ಮೊದಲೇ ಕಾಣಲಿ. ಅಧಿಕಾರಿಯೇ ವಾರಕ್ಕೆರಡು ಬಾರಿ ತಮ್ಮ ಲೋಟ ಹಿಡಿದು ಅಲ್ಲಿಗೆ ಬಂದು ಐದು ನಿಮಿಷ ನಿಂತು ಹೋದರೆ ಅಲ್ಲಿ ನಿಲ್ಲುವುದು ತಪ್ಪಲ್ಲ ಎಂದು ಎಲ್ಲರಿಗೂ ಗೊತ್ತಾಗುತ್ತದೆ, ಅಲ್ಲಿ ಕೆಲಸದ ವಿಚಾರಣೆ ಮಾತ್ರ ಬೇಡ. ಹೆಂಗಸರ ಎಣಿಕೆ ಯಾವುದಾದರೂ ಜಾಗದಲ್ಲಿ ಸೊನ್ನೆ ಬಂದಿದ್ದರೆ ಅದನ್ನು ಅವರ ಸ್ವಭಾವ ಎಂದು ತಳ್ಳಿಹಾಕಬೇಡಿ. ಬೀಡಿ ಸಿಗರೇಟಿನ ಹೊಗೆ, ಕತ್ತಲೆ, ಒಂದೇ ಬಾಗಿಲು, ಇವುಗಳಲ್ಲೊಂದು ಅಲ್ಲಿ ಇದ್ದೇ ಇರುತ್ತದೆ.

ಬದಲಾವಣೆ, ಮತ್ತೆ ಎಣಿಕೆ

ಎಲ್ಲವನ್ನೂ ಒಂದೇ ವಾರದಲ್ಲಿ ಬದಲಿಸಿದರೆ ಯಾವುದರಿಂದ ಏನಾಯಿತು ಎಂದು ತಿಳಿಯುವುದಿಲ್ಲ. ಒಂದು ಬದಲಾವಣೆ ಮಾಡಿ, ಎರಡು ವಾರ ಬಿಡಿ, ಆಮೇಲೆ ಮೂರು ದಿನ ಅದೇ ಎಂಟು ಸುತ್ತು ಹಾಕಿ. ಹೊಸತರಲ್ಲಿ ಎಲ್ಲರೂ ಬಂದು ನೋಡುತ್ತಾರೆ, ಮೊದಲ ವಾರದ ಗುಂಪನ್ನು ನಂಬಬೇಡಿ. ಕೊಡೆಯ ಕೊಕ್ಕೆ, ಫ್ಲಾಸ್ಕು, ಹಲಗೆ, ಪರದೆ, ಕೊನೆಗೆ ಒಳಮಾಡು, ಹೀಗೆ ಕಡಿಮೆ ಖರ್ಚಿನಿಂದ ಹೆಚ್ಚಿನದಕ್ಕೆ ಹೋಗಿ. ಎಣಿಕೆಯ ಫಲಿತಾಂಶವನ್ನು, ಕಡಿಮೆ ಅಂಕ ಬಂದದ್ದನ್ನೂ ಸೇರಿಸಿ, ಸೂಚನಾ ಫಲಕಕ್ಕೆ ಹಾಕಿ. ಕೇಳಿ ಸುಮ್ಮನಾದರೆ ಮುಂದಿನ ಬಾರಿ 34 ಹಾಳೆಯ ಬದಲು ಹನ್ನೆರಡು ಬರುತ್ತವೆ.

ಜನವರಿಯ ಸುತ್ತಿನಲ್ಲಿ ಅದೇ ನಕ್ಷೆ, ಅದೇ ಸಂಖ್ಯೆ, ಅದೇ ಪ್ರಶ್ನೆ ಬಳಸಿ, ನಾಲ್ಕನೆಯದರಲ್ಲಿ ಮಾತ್ರ ಮಳೆಯ ಬದಲು ಚಳಿ ಎಂದು ಬರೆಯಿರಿ. 10.15ರ ಸುತ್ತಿನಲ್ಲಿ ಪೂರ್ವದ ಅಂಗಳದ ಬಿಸಿಲಿನಲ್ಲಿ ಎಷ್ಟು ಜನ ಎಂದು ಎಣಿಸುವುದನ್ನು ಮರೆಯಬೇಡಿ. ಅಲ್ಲಿ ಗುಂಪು ಕಂಡರೆ ಮಳೆಗಾಲದ ಹಗುರ ಕುರ್ಚಿಗಳಲ್ಲಿ ನಾಲ್ಕನ್ನು ಹೊರಗೆ ತಂದಿಡಿ, ಸಂಜೆ ಒಳಗಿಡುವವರು ಯಾರೆಂದು ಅಂದೇ ಗೊತ್ತುಮಾಡಿ. ರಾತ್ರಿಯ ಇಬ್ಬನಿಗೆ ಬಿಟ್ಟ ಕುರ್ಚಿ ಬೆಳಗ್ಗೆ ಹತ್ತೂಕಾಲಕ್ಕೂ ಒದ್ದೆಯಾಗಿಯೇ ಇರುತ್ತದೆ.